ಅಜ್ಜ, ಜಪಾನ್ ಮುಗಿಯಿತಾ?

ಮಾನ್ಯ ಸಂಪಾದಕರೇ,

ನಿಮ್ಮ ವಾಚಕರ ಪತ್ರಗಳ ಅಂಕಣಕ್ಕೆ ನಾನು ಹೊಸಬನಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ನಲವತ್ತಕ್ಕೂ ಹೆಚ್ಚು ಪತ್ರಗಳು ಅಚ್ಚಾಗಿವೆ. ಅಚ್ಚಾಗದೆ ಉಳಿದವು ಎಷ್ಟು ಎಂಬುದು ನಿಮಗೇ ಗೊತ್ತು. ಅಂಗಡಿ ಫಲಕಗಳ ಕಾಗುಣಿತ, ಪೂಜೆಯ ನೆಪದಲ್ಲಿ ತುಂಗೆಗೆ ಎಸೆಯುವ ಪ್ಲಾಸ್ಟಿಕ್, ಮದುವೆ ಮನೆಯಲ್ಲಿ ಎಲೆಯ ಮೇಲೆ ಬಿಡುವ ಅನ್ನ, ಕಸ ಬೇರ್ಪಡಿಸದ ನಾಗರಿಕರು, ಹೀಗೆ ಪರರ ತಪ್ಪುಗಳಲ್ಲಿ ನಾನು ಬರೆಯದೆ ಬಿಟ್ಟದ್ದು ಕಡಿಮೆ. ಸಾಮಾನ್ಯವಾಗಿ ನೀವು ಅವನ್ನು ಆರು ಸಾಲಿಗೆ ಇಳಿಸುತ್ತೀರಿ. ಈ ಸಲ ಕತ್ತರಿಯನ್ನು ಸ್ವಲ್ಪ ದೂರ ಇಡಿ ಎಂದು ಕೇಳುವ ಧೈರ್ಯ ಮಾಡುತ್ತಿದ್ದೇನೆ, ಏಕೆಂದರೆ ಈ ಸಲದ ದೂರು ನನ್ನ ಮೇಲೆಯೇ.

ಕಳೆದ ಭಾನುವಾರದ ಪುರವಣಿಯಲ್ಲಿ ವಿದೇಶಕ್ಕೆ ಹೊರಡುವವರಿಗೆ ಇಡೀ ಪುಟ ಕಿವಿಮಾತು ಹೇಳಿದ್ದೀರಿ. ವೀಸಾ, ವಿಮೆ, ಮಾತ್ರೆ, ಶೂ ಒಳಗೆ ಕಾಲುಚೀಲ ತುರುಕಿ ಜಾಗ ಉಳಿಸುವ ಉಪಾಯ, ಎಲ್ಲವೂ ಇತ್ತು. ಕೊನೆಗೆ ಸವಿನೆನಪುಗಳೊಂದಿಗೆ ಮನೆಗೆ ಮರಳಿ ಎಂದು ಹಾರೈಸಿ ಮುಗಿಸಿದ್ದೀರಿ. ಹೊರಡುವುದಕ್ಕೆ ಒಂದು ಪುಟ, ಬರುವುದಕ್ಕೆ ಒಂದು ಪದ. 'ಮರಳಿ' ಎಂಬ ಆ ಮೂರಕ್ಷರದೊಳಗೆ ನಮ್ಮ ಮನೆಯ ಮೂರು ವಾರ ಸಿಕ್ಕಿಹಾಕಿಕೊಂಡಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಮೇ ತಿಂಗಳಲ್ಲಿ ನಾವು ಐದು ಮಂದಿ ಜಪಾನಿಗೆ ಹೋಗಿದ್ದೆವು. ನಾನು, ನನ್ನ ಹೆಂಡತಿ, ಮಗ, ಸೊಸೆ ಮತ್ತು ಒಂಬತ್ತು ವರ್ಷದ ಮೊಮ್ಮಗ. ಯೋಚನೆ ಮಗ-ಸೊಸೆಯದು, ದುಡ್ಡೂ ಬಹುಪಾಲು ಅವರದೇ. ಆಪತ್ಕಾಲಕ್ಕೆಂದು ಇಟ್ಟಿದ್ದ ನಿವೃತ್ತಿಯ ಹಣದಲ್ಲಿ ನಾನೂ ಒಂದಿಷ್ಟು ಸೇರಿಸಿದೆ. ಅರವತ್ಮೂರನೆಯ ವಯಸ್ಸಿನಲ್ಲಿ ಮಂಡಿ ಇನ್ನೂ ನಡೆಯುತ್ತಿರುವುದೇ ಆಪತ್ಕಾಲ, ಈಗ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಎಂದು ಹೆಂಡತಿ ತೀರ್ಪು ಕೊಟ್ಟಳು. ಎಂಬತ್ತಾರು ವರ್ಷದ ನನ್ನ ತಾಯಿಯನ್ನು ನೋಡಿಕೊಳ್ಳಲು ಸಾಗರದಿಂದ ತಂಗಿ ಬಂದು ನಿಂತಳು. ಟೋಕಿಯೊದಲ್ಲಿ ನಾಲ್ಕು ರಾತ್ರಿ, ಕ್ಯೋಟೋದಲ್ಲಿ ಒಂದು ಪುಟ್ಟ ಬಾಡಿಗೆ ಮನೆಯಲ್ಲಿ ಆರು ರಾತ್ರಿ.

ಅಲ್ಲಿನ ಶುಚಿತ್ವದ ಬಗ್ಗೆ ನಾನು ಪತ್ರ ಬರೆಯುತ್ತೇನೆಂದು ಬೆಳಗಿನ ವಾಯುವಿಹಾರದ ಗೆಳೆಯರು ಪಣ ಕಟ್ಟಿದ್ದಾರಂತೆ. ಅವರು ಅರ್ಧ ಗೆದ್ದಿದ್ದಾರೆ. ಕಸದ ವಿಷಯ ಬರುತ್ತದೆ, ಆದರೆ ಅವರು ಎಣಿಸಿದ ಹಾಗಲ್ಲ.

ಕ್ಯೋಟೋದ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಅಕ್ಷರ ಬಾರದವರಿಗೂ ತಿಳಿಯಲೆಂದು ಎಲ್ಲವೂ ಚಿತ್ರಗಳಲ್ಲಿತ್ತು. ಸುಡುವ ಕಸ ಹಳದಿ ಚೀಲಕ್ಕೆ. ಡಬ್ಬಿ, ಗಾಜಿನ ಸೀಸೆ, ನೀರಿನ ಬಾಟಲಿಗಳು ಒಂದು ಪಾರದರ್ಶಕ ಚೀಲಕ್ಕೆ. ಪ್ಲಾಸ್ಟಿಕ್ ಹೊದಿಕೆಗಳು ಇನ್ನೊಂದು ಪಾರದರ್ಶಕ ಚೀಲಕ್ಕೆ. ನಿಗದಿಯಾದ ದಿನ ಬೆಳಿಗ್ಗೆ ಎಂಟರೊಳಗೆ ಬೀದಿಯ ಒಂದು ಮೂಲೆಯಲ್ಲಿಟ್ಟು ಮೇಲೆ ಬಲೆ ಹೊದಿಸಬೇಕು. ಬಲೆ ಏಕೆಂದರೆ ಕಾಗೆಗಳು. ಅಲ್ಲಿನ ಕಾಗೆ ನಮ್ಮ ಕಾಗೆಗಿಂತ ಒಂದು ಸುತ್ತು ದಪ್ಪ, ಕೊಕ್ಕು ಕತ್ತಿಯ ಹಾಗೆ. ನಿಯಮ ಪಾಲಿಸದವು ಆ ಊರಿನಲ್ಲಿ ಅವು ಮಾತ್ರವೇ ಇರಬೇಕು.

ಮೊದಲ ಸಂಜೆಯೇ ಸೊಸೆ ಕೆಲಸ ಹಂಚಿದಳು. ಅಡುಗೆ ಅವಳು ಮತ್ತು ಮಗ. ಊಟ ಹೊರಗೆ ಕಷ್ಟವಾಗಿತ್ತು, ಸಸ್ಯಾಹಾರವೆಂದು ಕೊಟ್ಟ ಸಾರಿನಲ್ಲೂ ದಾಶಿ ಎಂಬ ಮೀನಿನ ತಿಳಿ ಇರುತ್ತಿತ್ತು. ಆದ್ದರಿಂದ ಅನ್ನ, ಇಲ್ಲಿಂದ ಒಯ್ದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ. ಮೊಮ್ಮಗನಿಗೆ ಬಾಗಿಲಲ್ಲಿ ಚಪ್ಪಲಿ ಜೋಡಿಸುವ ಕೆಲಸ. ಇನ್ನಾವುದಕ್ಕೂ ಬಾರದವನು ಎಂಬ ಒಂದೇ ಅರ್ಹತೆಯ ಮೇಲೆ ಕಸದ ಖಾತೆ ನನಗೆ ಬಂತು. ನನ್ನ ಹೆಂಡತಿಗೆ ಮಾತ್ರ ಯಾವ ಕೆಲಸವೂ ಇರಲಿಲ್ಲ. ಆ ಅಡುಗೆಮನೆಯಲ್ಲಿ ಮೂರನೆಯವರು ನಿಲ್ಲುವಷ್ಟು ಜಾಗವೇ ಇರಲಿಲ್ಲ, ಒಲೆಯ ಗುಂಡಿಗಳ ಮೇಲಿದ್ದ ಬರಹ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅವಳು ಕಿಟಕಿಯ ಬಳಿ ಕುಳಿತಳು. ನಾವು ಒಯ್ದಿದ್ದ ಸ್ಟೀಲ್ ಫಿಲ್ಟರಿನ ಕಾಫಿಯನ್ನು ಸೊಸೆ ತಂದು ಕೈಗೆ ಕೊಟ್ಟಳು. ಎದುರು ಮನೆಯ ಮುದುಕರೊಬ್ಬರು ಕುಂಡದ ಗಿಡಗಳಿಗೆ ನೀರು ಹಾಕುವುದನ್ನು ನೋಡುತ್ತ ಅವಳು ಲೋಟ ಮುಗಿಸಿದಳು. ಮದುವೆಯಾಗಿ ಮೂವತ್ತಾರು ವರ್ಷಗಳಲ್ಲಿ ಅವಳು ಕಾಫಿಯನ್ನು ಬಿಸಿಯಿರುವಾಗಲೇ ಕುಡಿದದ್ದನ್ನು ನಾನು ನೋಡಿದ್ದು ಅಲ್ಲಿಯೇ. ಮನೆಯಲ್ಲಿ ಅವಳ ಲೋಟ ಯಾವಾಗಲೂ ಗ್ಯಾಸ್ ಕಟ್ಟೆಯ ಮೂಲೆಯಲ್ಲಿ ಕೆನೆ ಕಟ್ಟಿ ಕುಳಿತಿರುತ್ತದೆ. ಅವಳಿಗೆ ಆರಿದ ಕಾಫಿಯೇ ಇಷ್ಟ ಎಂದು ನಾನು ಭಾವಿಸಿದ್ದೆ.

ನಾನಂತೂ ಕಸದಲ್ಲಿ ಪಂಡಿತನಾದೆ. ಬಾಟಲಿಯ ಮುಚ್ಚಳ ತಿರುಗಿಸಿ, ಸುತ್ತಿದ ಚೀಟಿ ಸುಲಿದು, ಒಳಗೆ ನೀರಾಡಿಸಿ ಬೋರಲು ಇಡುವುದು. ಹಾಲಿನ ಡಬ್ಬಿಯನ್ನು ತೊಳೆದು, ಕತ್ತರಿಯಿಂದ ಸೀಳಿ, ಹಾಳೆಯ ಹಾಗೆ ಬಿಡಿಸಿ ಒಣಗಿಸುವುದು. ಬೀದಿಯಲ್ಲಿ ಕಸದ ಬುಟ್ಟಿಗಳೇ ಕಾಣುವುದಿಲ್ಲ. 1995ರ ಮಾರ್ಚ್‌ನಲ್ಲಿ ಟೋಕಿಯೊ ಸುರಂಗ ರೈಲಿನ ಮೇಲೆ ವಿಷಾನಿಲದ ದಾಳಿ ನಡೆದ ಮೇಲೆ ಸಾರ್ವಜನಿಕ ಜಾಗಗಳಲ್ಲಿದ್ದ ಬುಟ್ಟಿಗಳನ್ನು ತೆಗೆದರಂತೆ. ಕೈಯಲ್ಲಿದ್ದದ್ದನ್ನು ಮನೆಗೇ ತರಬೇಕು. ನಾರಾದಲ್ಲಿ ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ನಾನು ಕ್ಯೋಟೋದವರೆಗೆ ಜೋಳಿಗೆಯಲ್ಲಿ ಹೊತ್ತು ತಂದೆ. ಊಟದ ಬಟ್ಟಲನ್ನೂ ನಾನೇ ತೊಳೆದೆ. ಮಗ ಅದರ ಫೋಟೊ ತೆಗೆದು ಬಂಧುಗಳಿಗೆಲ್ಲ ಕಳಿಸಿದ. ಮೂವತ್ತೆರಡು ಮಂದಿ ಮೆಚ್ಚಿದರು. ಹೆಂಡತಿ ತೊಳೆದ ಪಾತ್ರೆಗೆ ಫೋಟೊ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ನಾರಿಟಾದಿಂದ ಬಂದ ವಿಮಾನ ಬೆಂಗಳೂರಿನಲ್ಲಿ ಇಳಿದಾಗ ನಡುರಾತ್ರಿ. ಬಾಡಿಗೆ ಕಾರಿನಲ್ಲಿ ಹೊರಟು ಕ್ಯಾತ್ಸಂದ್ರ ತಲುಪುವಾಗ ಬೆಳಕು ಹರಿಯುವುದರಲ್ಲಿತ್ತು. ತಟ್ಟೆ ಇಡ್ಲಿಯ ಮೊದಲ ತುತ್ತಿಗೆ ಸೊಸೆಯ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ಚಟ್ನಿಯ ಖಾರ ಎಂದಳು. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ. ಟೋಕಿಯೊದಿಂದ ಕ್ಯೋಟೋಗೆ ಐನೂರು ಕಿಲೋಮೀಟರಿಗೆ ತುಸು ಕಡಿಮೆ ದೂರವನ್ನು ಎರಡೂಕಾಲು ಗಂಟೆಯಲ್ಲಿ ದಾಟಿದ್ದ ಮೊಮ್ಮಗ, ಭದ್ರಾವತಿಯ ಹತ್ತಿರ ಇನ್ನೂ ಎಷ್ಟು ದೂರ ಎಂದು ಹದಿನೇಳನೆಯ ಸಲ ಕೇಳಿದ.

ಮನೆಯ ಗೇಟು ತೆಗೆದಾಗ ತಾಯಿ ಜಗುಲಿಯಲ್ಲಿ ಕುಳಿತಿದ್ದಳು. ಫ್ಯೂಜಿ ಪರ್ವತ ನೋಡಿದಿರಾ, ಬುಲೆಟ್ ರೈಲು ಹತ್ತಿದಿರಾ, ಒಂದನ್ನೂ ಕೇಳಲಿಲ್ಲ. "ಹೊಟ್ಟೆಗೆ ಏನು ಮಾಡಿಕೊಂಡಿರಿ?" ಎಂದಳು. ಉತ್ತರಕ್ಕೆ ಕಾಯದೆ, ತಂಗಿ ಮಾಡಿದ ಅಪ್ಪೆಹುಳಿಯ ವರ್ಣನೆಗೆ ತೊಡಗಿದಳು. ಹನ್ನೊಂದು ದಿನಗಳಲ್ಲಿ ನಮ್ಮ ಮನೆಗೆ ಹೊಸ ಆಡಳಿತ ಬಂದಿತ್ತು, ತಾಯಿ ಆಗಲೇ ಆ ಪಕ್ಷಕ್ಕೆ ಸೇರಿಕೊಂಡಿದ್ದಳು.

ಅಂದು ಮಧ್ಯಾಹ್ನ ತಂಗಿಯ ಕೈಯ ಅನ್ನ-ಸಾರು, ಹಪ್ಪಳ. ಹನ್ನೊಂದು ದಿನಗಳ ಮೇಲೆ ಉದುರುದುರಾದ ಅನ್ನ. ಹೊಟ್ಟೆ ತುಂಬ ಉಂಡು, ತೇಗಿ, ತಟ್ಟೆಯನ್ನು ಅಲ್ಲಿಯೇ ಬಿಟ್ಟು ಕೈತೊಳೆಯಲು ಎದ್ದೆ. ಯಾರೂ ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಅದೊಂದು ಸಂಗತಿಯೇ ಅಲ್ಲ, ಅರವತ್ಮೂರು ವರ್ಷಗಳಿಂದ ನಾನು ಹಾಗೆಯೇ ಎದ್ದಿದ್ದೇನೆ. ನಲ್ಲಿಯ ಹತ್ತಿರ ಕೈ ಒರೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಮೊಮ್ಮಗನ ದನಿ:

"ಅಜ್ಜ, ಜಪಾನ್ ಮುಗಿಯಿತಾ?"

ಹುಡುಗನಲ್ಲಿ ಕುಚೋದ್ಯವಿರಲಿಲ್ಲ. ಆಟದ ನಿಯಮ ಬದಲಾಯಿತೇ, ತಾನೂ ತಟ್ಟೆ ಬಿಟ್ಟು ಏಳಬಹುದೇ ಎಂದು ತಿಳಿದುಕೊಳ್ಳಬೇಕಿತ್ತು, ಅಷ್ಟೇ. ನಾನು ಮರಳಿ ಬಂದು ತಟ್ಟೆ ತೆಗೆಯುವಷ್ಟರಲ್ಲಿ ನನ್ನ ಹೆಂಡತಿ ಅದನ್ನು ತನ್ನ ತಟ್ಟೆಯ ಕೆಳಗೆ ಜೋಡಿಸಿಯಾಗಿತ್ತು. ಕೆಳಗೆ ನನ್ನದು, ಅದರ ಮೇಲೆ ಅವಳದು, ನಡುವೆ ಕರಿಬೇವು.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಮೆರಿಕದಿಂದ ಬರುವವರಿಗೆ ಇದು ಲೆಕ್ಕಕ್ಕೇ ಇಲ್ಲದ ವ್ಯತ್ಯಾಸ. ಆದರೂ ಒಂದು ವಾರ ನಮ್ಮ ಮನೆಯ ಅರ್ಧ ಮಂದಿಗೆ ರಾತ್ರಿ ಎರಡಕ್ಕೆ ಬೆಳಗಾಗುತ್ತಿತ್ತು. ನಾನು, ಹೆಂಡತಿ, ಮೊಮ್ಮಗ, ಮೂವರೂ ಅಡುಗೆಮನೆಯಲ್ಲಿ ಸಣ್ಣ ದೀಪ ಹಾಕಿಕೊಂಡು ಕುಳಿತು, ಹುಡುಗನಿಗೆ ಹಾಲು, ನಮಗೆ ಕಾಫಿ. ಹೊರಗೆ ಮುಂಗಾರಿಗೆ ಮುಂಚಿನ ಗುಡುಗು. ಆ ಹೊತ್ತಿನಲ್ಲಿ ಯಾರಿಗೂ ಟಿಫಿನ್ ಡಬ್ಬಿ ಕಟ್ಟುವುದಿಲ್ಲ, ಹಾಲಿನವನು ಬರುವುದಿಲ್ಲ, ಹಾಗಾಗಿ ಅವಳು ಕುಳಿತಿದ್ದಳು. ಸಂಜೆ ಆರಕ್ಕೆ ಮಾತ್ರ ಕಣ್ಣು ಎಳೆಯುತ್ತಿತ್ತು. ನಾನು ಆರಾಮ ಕುರ್ಚಿಯಲ್ಲಿ ತೂಕಡಿಸಿದರೆ ತಾಯಿ ಕೋಲಿನಿಂದ ನೆಲ ಕುಟ್ಟುತ್ತಿದ್ದಳು. ದೀಪ ಹಚ್ಚುವ ಹೊತ್ತಿನಲ್ಲಿ ಮಲಗಿದರೆ ಲಕ್ಷ್ಮಿ ಬಾಗಿಲಿನಿಂದಲೇ ವಾಪಸು ಹೋಗುತ್ತಾಳಂತೆ. ಈಗಾಗಲೇ ಹೋಗಿದ್ದಾಳೆ, ಕ್ರೆಡಿಟ್ ಕಾರ್ಡಿನ ಲೆಕ್ಕ ಬಂದಿದೆ ಎಂದ ಮಗ.

ತಂಗಿ ಮರುದಿನವೇ ಸಾಗರದ ಬಸ್ ಹತ್ತಿದಳು. ಪಾಪ, ಹನ್ನೊಂದು ದಿನ ಮನೆ ಕಾದವಳ ಮೇಲೆ ದೂರು ಹೇಳಬಾರದು. ಆದರೆ ಅವಳು ಅಡುಗೆಮನೆಯ ಡಬ್ಬಿಗಳನ್ನು ತನ್ನ ಕೈಗೆ ಒಗ್ಗುವ ಹಾಗೆ ಇಟ್ಟುಕೊಂಡಿದ್ದಳು. ನಾಲ್ಕು ದಿನ ನನ್ನ ಹೆಂಡತಿ ಸಾಸಿವೆ ಎಂದು ಮೆಂತ್ಯಕ್ಕೆ ಕೈಹಾಕಿದಳು. ಮೊಸರಿನ ಕಥೆ ಬೇರೆ. ಮೊದಲ ರಾತ್ರಿ ಮೊಸರನ್ನಕ್ಕೆ ಕೈ ಇಟ್ಟವಳೇ "ಇದು ನಮ್ಮ ಮೊಸರಲ್ಲ" ಎಂದಳು. ವಿಚಾರಣೆಯಲ್ಲಿ ಹೊರಬಂದದ್ದು: ಒಂದು ರಾತ್ರಿ ತಂಗಿ ಹೆಪ್ಪಿಗೆ ಉಳಿಸುವುದನ್ನು ಮರೆತು, ಅಂಗಡಿಯ ಪ್ಯಾಕೆಟ್ ಮೊಸರು ತಂದು ಹೆಪ್ಪು ಹಾಕಿದ್ದಳು. ಎಷ್ಟೋ ವರ್ಷಗಳಿಂದ ನಮ್ಮ ಮನೆಯಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದುಬಂದ ಹೆಪ್ಪಿನ ವಂಶ ಅಲ್ಲಿಗೆ ಕಡಿಯಿತು. ನನಗೆ ಎರಡಕ್ಕೂ ವ್ಯತ್ಯಾಸ ತಿಳಿಯಲಿಲ್ಲ, ತಿಳಿಯಲಿಲ್ಲ ಎಂದು ಹೇಳಿದ್ದು ತಪ್ಪಾಯಿತು. ಮೂರನೆಯ ದಿನ ಅವಳಿಗೆ ಹೊಳೆಯಿತು: ಹಿಂದಿನ ಬೀದಿಯ ಟೀಚರ್ ಮನೆಗೆ ಎರಡು ವರ್ಷದ ಹಿಂದೆ ಇವಳೇ ಹೆಪ್ಪು ಕೊಟ್ಟಿದ್ದಳು. ಛತ್ರಿ ಹಿಡಿದು ಹೋಗಿ ಒಂದು ಬಟ್ಟಲು ತಂದಳು. ಮಗಳು ತವರಿಗೆ ಬಂದ ಹಾಗೆ ಮೊಸರು ಮನೆಗೆ ಬಂತು.

ಸೂಟ್‌ಕೇಸುಗಳ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ನಾವು ಅವನ್ನು ಬೇಗ ಮುಗಿಸಲಿಲ್ಲ. ಹತ್ತು ದಿನ ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ಇಪ್ಪತ್ಮೂರು ಮನೆಗಳಿಗೆ ಹಂಚಲು ಹಸಿರು ಚಹಾದ ಚಾಕೊಲೇಟ್ ತಂದಿದ್ದೆವು. ಎದುರು ಮನೆಯವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಹಿಬೇವು ಬೆರೆಸುತ್ತಾರೆಯೇ ಎಂದು ವಿನಯದಿಂದ ವಿಚಾರಿಸಿದರು. ಒಟ್ಟು ಖರ್ಚೆಷ್ಟು ಎಂದು ಎಲ್ಲರೂ ಕೇಳಿದರು. ನಾನು ಒಬ್ಬೊಬ್ಬರಿಗೆ ಒಂದೊಂದು ಮೊತ್ತ ಹೇಳಿದೆ. ಈಗ ಅವರೆಲ್ಲ ಕೂಡಿ ತಾಳೆ ನೋಡಿದ್ದಾರೆಂದು ಸುದ್ದಿ.

ಬಟ್ಟೆಯ ವಿಷಯ ಬೇಗ ಮುಗಿಯುವುದಿಲ್ಲ. ಐದು ಜನರ ಹನ್ನೊಂದು ದಿನದ ಬಟ್ಟೆ, ಮಲೆನಾಡಿನ ಜೂನ್ ತಿಂಗಳು. ಜಗುಲಿಯ ಉದ್ದಕ್ಕೂ ಹಗ್ಗ, ಹಗ್ಗದ ಮೇಲೆ ನಾಲ್ಕು ದಿನವಾದರೂ ಒಣಗದ ಜೀನ್ಸ್, ಮನೆ ತುಂಬ ಮುಗ್ಗಲು ವಾಸನೆ. ಅದರ ನಡುವೆ ನನ್ನ ಕಾಣಿಕೆ ಬೇರೆ. ಕಸವನ್ನು ಬೀದಿಯಲ್ಲಿ ಬಿಡದೆ ಜೇಬಿಗೆ ಹಾಕಿಕೊಳ್ಳುವ ಜಪಾನಿನ ಅಭ್ಯಾಸವೊಂದು ನನ್ನಲ್ಲಿ ಉಳಿದಿತ್ತು. ಗಾಂಧಿ ಬಜಾರಿನಲ್ಲಿ ಕಡಲೆಕಾಯಿ ತಿಂದು ಪೊಟ್ಟಣದ ಕಾಗದವನ್ನು ಹೆಮ್ಮೆಯಿಂದ ಜೇಬಿಗಿಳಿಸಿ, ಅಂಗಿಯನ್ನು ಹಾಗೆಯೇ ಒಗೆಯಲು ಹಾಕಿದೆ. ವಾಷಿಂಗ್ ಮೆಷಿನ್ನಿನಿಂದ ಹೊರಬಂದ ಪ್ರತಿ ಬಟ್ಟೆಯ ಮೇಲೂ ಕಾಗದದ ಚೂರು. ಸೊಸೆಯ ಬ್ಯಾಂಕಿನ ಕಪ್ಪು ಸಲ್ವಾರಿನ ಮೇಲೆ ನಿಮ್ಮದೇ ಪತ್ರಿಕೆಯ ಕ್ರೀಡಾಪುಟದ ಅಕ್ಷರಗಳಿದ್ದವು. ಅವಳು ಒಂದೂ ಮಾತಾಡದೆ ಒಂದೊಂದನ್ನೇ ಕಿತ್ತಳು. ಹನ್ನೆರಡು ದಿನ ರಜೆ ಹಾಕಿ ಹೋದವಳ ಮೇಜಿನ ಮೇಲೆ ಕೆಲಸ ಎಷ್ಟಿತ್ತೋ, ಆ ವಾರ ಅವಳು ಮನೆಗೆ ಬರುವಾಗ ಎಂಟು ಗಂಟೆ. ಬೆಳಿಗ್ಗೆ ಆರೂವರೆಗೆ ಹುಡುಗನ ಡಬ್ಬಿ. ಪ್ರವಾಸದ ಟಿಕೆಟ್, ಮನೆ, ರೈಲು ಎಲ್ಲವನ್ನೂ ಮೂರು ತಿಂಗಳು ಕುಳಿತು ಹೊಂದಿಸಿದವಳೂ ಅವಳೇ.

ಮೊಮ್ಮಗನಿಗೆ ಜಪಾನ್ ಇಳಿಯಲು ಹೆಚ್ಚು ದಿನ ಬೇಕಾಯಿತು. ನಾರಾದ ಜಿಂಕೆಗಳು ಬಿಸ್ಕತ್ತಿಗಾಗಿ ತಲೆ ಬಾಗಿಸುವುದನ್ನು ನೋಡಿದ್ದವನು ಹಾಲಿನವನಿಗೆ, ಆಟೋ ಚಾಲಕನಿಗೆ, ಗಣಿತದ ಮೇಷ್ಟರಿಗೆ ಬಾಗಿ ಬಾಗಿ ನಮಸ್ಕರಿಸಿದ. ಮೇಷ್ಟರು ಗೇಲಿ ಎಂದು ತಿಳಿದದ್ದರಿಂದ ಅದು ನಿಂತಿತು. ಚಪ್ಪಲಿಯ ಕೆಲಸ ಮಾತ್ರ ಬಿಟ್ಟಿಲ್ಲ. ಮನೆಗೆ ಯಾರೇ ಬರಲಿ, ಅವರು ಒಳಗೆ ಹೋದ ಕೂಡಲೇ ಅವರ ಚಪ್ಪಲಿಯನ್ನು ಬೀದಿಗೆ ಮುಖ ಮಾಡಿ ತಿರುಗಿಸಿಡುತ್ತಾನೆ, ಹೊರಡುವಾಗ ಮೆಟ್ಟಲು ಸುಲಭವಾಗಲೆಂದು. ತಾಯಿಗೆ ಇದು ಸರಿಬರುವುದಿಲ್ಲ. "ಬಂದವರಿಗೆ ಬೇಗ ಎದ್ದು ಹೋಗಿ ಅಂದ ಹಾಗಾಗುತ್ತದೆ" ಎನ್ನುತ್ತಾಳೆ. ಅವನು ಅತ್ತ ಹೋದ ಮೇಲೆ ಕೋಲಿನ ತುದಿಯಿಂದ ಒಂದೊಂದನ್ನೇ ತಿರುಗಿಸಿ ಮನೆಯ ಕಡೆ ಮುಖ ಮಾಡುತ್ತಾಳೆ. ಅವನು ಮತ್ತೆ ತಿರುಗಿಸುತ್ತಾನೆ. ಕಳೆದ ವಾರ ಬಂದಿದ್ದ ಪುರೋಹಿತರು ಹೊರಟಾಗ ಒಂದು ಚಪ್ಪಲಿ ಜಪಾನಿನ ಕಡೆಯೂ ಒಂದು ಶಿವಮೊಗ್ಗದ ಕಡೆಯೂ ನೋಡುತ್ತಿತ್ತು.

ತಾಯಿಗೆ ನಾವು ತಂದ ಶಾಲು, ಬೀಸಣಿಗೆ ಯಾವುದೂ ಹಿಡಿಸಲಿಲ್ಲ. ನನ್ನ ಜೇಬಿನ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿದಾಗ ಮಾತ್ರ ಅವಳ ಕೈ ಸರಕ್ಕನೆ ಮುಂದೆ ಬಂತು. ಐದು ಯೆನ್ನಿನ ನಾಣ್ಯ, ಹಿತ್ತಾಳೆಯ ಬಣ್ಣ, ನಡುವೆ ತೂತು. "ಇದು ನಮ್ಮ ತೂತುಕಾಸಲ್ಲವೇ?" ಎಂದಳು. 1943ರಿಂದ 47ರವರೆಗೆ ಬ್ರಿಟಿಷರ ಟಂಕಸಾಲೆಯಿಂದ ಬಂದ ಒಂದು ಪೈಸೆಯ ನಾಣ್ಯಕ್ಕೂ ಹೀಗೆ ನಡುವೆ ತೂತಿತ್ತು. ಯುದ್ಧಕಾಲದ ಲೋಹದ ಉಳಿತಾಯ. ಅದನ್ನು ಅವಳ ಅಪ್ಪ ದಾರಕ್ಕೆ ಪೋಣಿಸಿ ಇಟ್ಟುಕೊಳ್ಳುತ್ತಿದ್ದರಂತೆ, ಅವಳ ತಮ್ಮನ ಉಡುದಾರಕ್ಕೂ ಒಂದು ಕಟ್ಟಿದ್ದರಂತೆ. ಜಪಾನಿಯರು ಇದನ್ನು ದೇವರ ಹುಂಡಿಗೆ ಹಾಕುತ್ತಾರೆ, ಐದು ಯೆನ್ ಎಂಬುದರ ಉಚ್ಚಾರಣೆಯೂ ಋಣಾನುಬಂಧ ಎಂಬರ್ಥದ ಅವರ ಮಾತೂ ಒಂದೇ ಎಂದು ನಾನು ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ನಾಣ್ಯವನ್ನು ಕಣ್ಣಿಗೆ ಹಿಡಿದು ತೂತಿನಿಂದ ಕಿಟಕಿಯ ಕಡೆ ನೋಡುತ್ತಿದ್ದಳು. ಈಗ ಅದು ಅವಳ ಬೀಗದ ಕೈ ಗೊಂಚಲಿನಲ್ಲಿದೆ.

ಇನ್ನು ಕಸ. ಬಂದ ಮೂರನೆಯ ದಿನ ಬೆಳಿಗ್ಗೆ ಏಳರ ಸುಮಾರಿಗೆ ಕಸದ ಗಾಡಿಯ ಹಾಡು ಬೀದಿಯ ತುದಿಯಲ್ಲಿ ಕೇಳಿಸಿತು. ಹೆಂಡತಿಯ ಎರಡೂ ಕೈ ದೋಸೆ ಹಿಟ್ಟಿನಲ್ಲಿದ್ದವು. "ಸ್ವಲ್ಪ ಕಸ ಕೊಟ್ಟು ಬನ್ನಿ" ಎಂದಳು. ಹಿತ್ತಿಲಿಗೆ ಹೋದೆ. ಎರಡು ಬಕೆಟ್ಟುಗಳು ಮುಚ್ಚಳ ಮುಚ್ಚಿಕೊಂಡು ಕುಳಿತಿದ್ದವು, ಒಂದು ಹಸಿರು, ಒಂದು ನೀಲಿ. ಪಕ್ಕದ ಮೊಳೆಗೆ ಒಂದು ಚೀಲ ನೇತಾಡುತ್ತಿತ್ತು. ನಾನು ಕಾಫಿ ಫಿಲ್ಟರಿನ ಚರಟವನ್ನು ಕೈಯಲ್ಲಿ ಹಿಡಿದು ನಿಂತೆ. ಕ್ಯೋಟೋದಲ್ಲಿ ಬಾಟಲಿಯ ಮುಚ್ಚಳ ಯಾವ ಚೀಲಕ್ಕೆ, ಬಾಟಲಿ ಯಾವ ಚೀಲಕ್ಕೆ ಎಂದು ಕನಸಿನಲ್ಲಿ ಕೇಳಿದರೂ ಹೇಳುತ್ತಿದ್ದವನಿಗೆ, ನನ್ನ ಸ್ವಂತ ಹಿತ್ತಿಲಿನಲ್ಲಿ ಯಾವುದು ಯಾವುದಕ್ಕೆ ಎಂದು ತಿಳಿಯಲಿಲ್ಲ. ಗಾಡಿ ಹತ್ತಿರ ಬರುತ್ತಿತ್ತು. ಕೂಗಿ ಕೇಳಿದೆ: "ಚರಟ ಯಾವುದಕ್ಕೆ ಹಾಕಬೇಕು?"

ಅಡುಗೆಮನೆಯಲ್ಲಿ ಸದ್ದು ನಿಂತಿತು. ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇ ಬರೆದಿದ್ದಿರಲ್ಲ" ಎಂದಳು.

ಸಂಪಾದಕರೇ, ಬರೆದಿದ್ದೆ. ಮನೆಯಲ್ಲೇ ಕಸವನ್ನು ಬೇರ್ಪಡಿಸಬೇಕು ಎಂದು ಕೇಂದ್ರದ ಘನತ್ಯಾಜ್ಯ ನಿಯಮಗಳು 2016ರಲ್ಲಿ ಬಂದವು. ಮರುವರ್ಷ ಹಸಿ ಕಸಕ್ಕೆ ಹಸಿರು ಬಕೆಟ್ಟು, ಒಣ ಕಸಕ್ಕೆ ನೀಲಿ ಬಕೆಟ್ಟು ಎಂದು ದೇಶದ ತುಂಬ ಪ್ರಚಾರ ನಡೆಯಿತು. ಆಗ ನಾನು ನಿಮ್ಮ ಪತ್ರಿಕೆಗೆ ಬರೆದ ಪತ್ರ ಅಚ್ಚಾಗಿತ್ತು. ಇಷ್ಟು ಸರಳವಾದ ಎರಡು ಬಣ್ಣಗಳನ್ನು ನೆನಪಿಡಲಾರದ ನಾಗರಿಕರಿಗೆ ದಂಡ ವಿಧಿಸಬೇಕು ಎಂದು ಒತ್ತಾಯಿಸಿದ್ದೆ. ನನ್ನ ಪತ್ರಗಳನ್ನೆಲ್ಲ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಡುವವಳು ನನ್ನ ಹೆಂಡತಿ. ಆ ಪತ್ರ ಓದಿದ ದಿನವೇ ಅಂಗಡಿಗೆ ಹೋಗಿ ಈ ಎರಡು ಬಕೆಟ್ಟುಗಳನ್ನು ತಂದವಳೂ ಅವಳೇ. ಅಂದಿನಿಂದ ಒಂದು ದಿನವೂ ತಪ್ಪದೆ ಬೇರ್ಪಡಿಸಿದ್ದಾಳೆ. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಾಳೆ. ಅದನ್ನು ನಾನು ಪ್ರತಿದಿನ ನೋಡಿದ್ದೇನೆ, ಮಲೆನಾಡಿನ ಹೆಂಗಸರ ಜಿಪುಣತನ ಎಂದುಕೊಂಡಿದ್ದೇನೆ. ಮೊಳೆಗೆ ನೇತಾಡುತ್ತಿದ್ದ ಚೀಲ ಹಳೆಯ ಬ್ಯಾಟರಿ, ಒಡೆದ ಬಲ್ಬು, ಅವಧಿ ಮೀರಿದ ಮಾತ್ರೆಗಳಿಗೆ. ಬಹುಪಾಲು ನನ್ನವೇ ಮಾತ್ರೆಗಳು.

ಎಂಟು ವರ್ಷ ನನ್ನ ಮನೆಯಲ್ಲಿ ಕ್ಯೋಟೋ ನಡೆದಿದೆ. ಅದನ್ನು ನೋಡಲು ನಾನು ಪಾಸ್‌ಪೋರ್ಟ್ ಮಾಡಿಸಿದೆ.

ಅಂದು ಸಂಜೆ ಸೊಸೆ ನಮ್ಮ ಫ್ರಿಜ್ಜಿಗೂ ಒಂದು ಕಾಗದ ಅಂಟಿಸಿದಳು. ಯಾರು ಏನು ಮಾಡಬೇಕು ಎಂಬ ಪಟ್ಟಿ. ಕಸ ನನಗೆ, ಬೆಳಗಿನ ಮೊದಲ ಕಾಫಿ ಮಗನಿಗೆ, ನೀರಿನ ಬಾಟಲಿ ತುಂಬಿಸುವುದು ಹುಡುಗನಿಗೆ. ತಾಯಿಯ ಹೆಸರಿನ ಮುಂದೆ ಸೊಪ್ಪು ಬಿಡಿಸುವುದು ಎಂದು ಬರೆದಿದ್ದಳು. ನಾನು ಆಕ್ಷೇಪಿಸಿದೆ, ಈ ವಯಸ್ಸಿನಲ್ಲಿ ಅವಳಿಗೇಕೆ ಕೆಲಸ ಎಂದು. ತಾಯಿ ಕನ್ನಡಕ ಹಾಕಿಕೊಂಡು ಫ್ರಿಜ್ಜಿನ ಮುಂದೆ ನಿಂತು ತನ್ನ ಹೆಸರನ್ನು ಎರಡು ಸಲ ಓದಿದಳು. ನಾಲ್ಕು ವರ್ಷದ ಹಿಂದೆ ಅವಳು ಬಿದ್ದ ಮೇಲೆ ನಾವು ಏನನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಈಗ ದಂಟಿನ ಸೊಪ್ಪು ತರಲು ತಡವಾದರೆ ನನ್ನನ್ನು ಗದರಿಸುತ್ತಾಳೆ. ತನ್ನ ಕೆಲಸಕ್ಕೆ ಅಡ್ಡಿಯಾಗುತ್ತದೆಯಂತೆ.

ಎಲ್ಲವೂ ಸುಸೂತ್ರವಾಗಿದೆ ಎಂದು ಬರೆದರೆ ನೋಟ್‌ಬುಕ್ಕಿಗೆ ಅಂಟಿಸುವವಳು ನಗುತ್ತಾಳೆ. ಮಗನ ಕಾಫಿ ಆರು ದಿನ ನಡೆದು ಈಗ ಭಾನುವಾರಕ್ಕೆ ಇಳಿದಿದೆ. ನಾನು ಬಟ್ಟಲು ತೊಳೆದರೆ ತಳದಲ್ಲಿ ಜಿಡ್ಡು ಉಳಿಯುತ್ತದೆ ಎಂದು ಹೆಂಡತಿ ನಾನು ಅತ್ತ ಹೋದ ಮೇಲೆ ಇನ್ನೊಮ್ಮೆ ತೊಳೆಯುತ್ತಾಳೆ. ಸದ್ದಾಗದ ಹಾಗೆ ತೊಳೆಯುತ್ತಾಳೆ, ಅದು ಅವಳ ದೊಡ್ಡತನ. "ಬಿಡಿ, ನಾನೇ ಮಾಡುತ್ತೇನೆ" ಎಂಬ ಮಾತು ದಿನಕ್ಕೆ ನಾಲ್ಕು ಸಲ ಬರುತ್ತದೆ, ಅದರಲ್ಲಿ ಎರಡು ಸಲ ನಾನು ಸಂತೋಷದಿಂದ ಬಿಟ್ಟಿದ್ದೇನೆ.

ಆದರೆ ಕಸ ಬಿಟ್ಟಿಲ್ಲ. ಇಂದು ಬೆಳಿಗ್ಗೆಯೂ ಹಾಡು ಕೇಳಿದ ಕೂಡಲೇ ಪಂಚೆ ಎತ್ತಿ ಕಟ್ಟಿ ಎರಡು ಬಕೆಟ್ಟುಗಳೊಂದಿಗೆ ಗೇಟಿಗೆ ಓಡಿದೆ. ಗಾಡಿಯ ಜೊತೆ ಬರುವ ಪೌರಕಾರ್ಮಿಕ ಹೆಂಗಸು ನೀಲಿ ಬಕೆಟ್ಟಿಗೆ ಕೈ ಹಾಕಿ ಒಂದು ಮಾವಿನ ಗೊರಟೆ ಎತ್ತಿ ಹಿಡಿದಳು. ಒಣಗಿದೆ ನೋಡಮ್ಮ, ಅದಕ್ಕೇ ಒಣ ಕಸಕ್ಕೆ ಹಾಕಿದೆ ಎಂದು ನಾನು ವಾದ ಹೂಡಿದೆ. ಅವಳು ಗೊರಟೆಯನ್ನು ಹಸಿ ಕಸಕ್ಕೆ ಎಸೆದು, ಹಸಿರು ಬಕೆಟ್ಟಿನ ತಳದಿಂದ ಒಂದು ಬಿಸ್ಕತ್ತಿನ ಹೊದಿಕೆ ಹೆಕ್ಕಿ, ನನ್ನ ಕಡೆ ಕನಿಕರದಿಂದ ನೋಡಿದಳು.

"ಅಮ್ಮ ಊರಲ್ಲಿಲ್ಲವಾ?"

ಊರಲ್ಲೇ ಇದ್ದಾಳೆ ಎಂದೆ. ಅವಳು ನನ್ನ ಹೆಗಲಿನ ಮೇಲಿಂದ ಮನೆಯ ಕಡೆ ಕತ್ತು ಚಾಚಿ, ದನಿ ತಗ್ಗಿಸಿ ಕೇಳಿದಳು:

"ಮತ್ತೆ, ಹುಷಾರಿಲ್ಲವಾ?"

ಇಂತಿ,
ನಿಮ್ಮ ಹಳೆಯ ಓದುಗ, ಶಿವಮೊಗ್ಗ

(ಹೆಸರು ಪ್ರಕಟಿಸಬೇಡಿ ಎಂದು ಮನೆಯಲ್ಲಿ ಹೇಳಿದ್ದಾರೆ.)